ಸುಗ್ಗಿ ಹೂಜಿಯ ಮೇಲೆ ನೇಗಿಲು ಬಂದ ಬಗೆ

ಇಂಗ್ಲೆಂಡಿನ ಮಣ್ಣಿನ ಹೂಜಿಗಳ ಮೇಲಿನ ಬೇಸಾಯದ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಹೊಲಕ್ಕೆ ಹತ್ತಿರವಿದ್ದ ಹೂಜಿಯಲ್ಲಿ ಹೊಲದ ಚಿತ್ರ ಕಡಿಮೆ. ಹೊಲದಿಂದ ದೂರ ಸರಿದಷ್ಟೂ ನೇಗಿಲು, ಸಿವುಡು, ಕುಡುಗೋಲುಗಳು ಹೆಚ್ಚುತ್ತ ಹೋಗುತ್ತವೆ.

ಆರಂಭಕ್ಕೆ ಡೆವನ್ ಕೌಂಟಿಯ ಉತ್ತರ ಭಾಗಕ್ಕೆ ಹೋಗಬೇಕು. ಅಲ್ಲಿನ ಬಾರ್ನ್‌ಸ್ಟಪಲ್ ಮತ್ತು ಬಿಡಫರ್ಡ್ ರೇವುಪಟ್ಟಣಗಳ ಕುಂಬಾರರು ಮಾಡಿದ ಪಾತ್ರೆಗಳು 17ನೇ ಶತಮಾನದಲ್ಲೇ ಅಟ್ಲಾಂಟಿಕ್ ದಾಟಿ ವರ್ಜೀನಿಯಾದ ಜೇಮ್ಸ್‌ಟೌನ್ ತಲುಪಿದ್ದವು. ಪಕ್ಕದ ಫ್ರೆಮಿಂಗ್ಟನ್ನಿನ ಜೇಡಿಮಣ್ಣು ಸುಟ್ಟಾಗ ಕೆಂಪಾಗುತ್ತದೆ. ತಿಗರಿಯ ಮೇಲೆ ಎತ್ತಿದ ಹೂಜಿಗೆ, ನೀರಾಗಿ ಕಲಸಿದ ಬಿಳಿ ಜೇಡಿಯನ್ನು ಹೊದಿಸುತ್ತಿದ್ದರು. ಅರ್ಧ ಒಣಗಿದ ಮೇಲೆ ಮೊನೆಯಿಂದ ಗೀರಿದರೆ ಒಳಗಿನ ಕೆಂಪು ಮೇಲೆ ಬರುತ್ತಿತ್ತು. ಕೊನೆಗೆ ಸೀಸದ ಮೆರುಗು. ಆವಿಗೆಯಿಂದ ಹೊರಬರುವಾಗ ಬಿಳಿಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿರುತ್ತಿತ್ತು.

18ನೇ ಶತಮಾನದಲ್ಲಿ ಹೆಸರಾದ ಇಲ್ಲಿನ ಸುಗ್ಗಿ ಹೂಜಿಗಳು ಗಾತ್ರದಲ್ಲಿ ದೊಡ್ಡವು, ಹೊಟ್ಟೆ ಉಬ್ಬಿದವು. ಕೊಯ್ಲಿನ ಆಳುಗಳಿಗೆ ಸೈಡರ್ ಎಂಬ ಸೇಬಿನ ಮದ್ಯ ಇಲ್ಲವೇ ಏಲ್ ಎಂಬ ಬಿಯರ್ ಒಯ್ಯಲು ಇಂಥ ಹೂಜಿ ಬೇಕಿತ್ತು. ಆ ಪಾನೀಯ ಔದಾರ್ಯದ ಮಾತಾಗಿರಲಿಲ್ಲ, ಕೂಲಿಯ ಒಂದು ಪಾಲೇ ಆಗಿತ್ತು. ಕೂಲಿಯನ್ನು ಮದ್ಯದ ರೂಪದಲ್ಲಿ ಕೊಡುವುದನ್ನು ಕಾನೂನು ನಿಷೇಧಿಸಿದ್ದು 1887ರಲ್ಲಿ.

ಈ ಹೂಜಿಗಳ ಮೇಲೆ ಗೀರಿದ್ದೇನು? ಹಡಗು, ನಾವಿಕರ ದಿಕ್ಸೂಚಿ, ಮುಖವುಳ್ಳ ಸೂರ್ಯ, ಟ್ಯುಲಿಪ್ ಹೂ, ರಾಜಲಾಂಛನದ ಸಿಂಹ ಮತ್ತು ಒಂಟಿಕೊಂಬಿನ ಕುದುರೆ. ಕುಂಬಾರ ರೇವಿನವನು, ಕಣ್ಣೆದುರಿಗೆ ಕಂಡದ್ದನ್ನು ಬರೆದ. ಸುಗ್ಗಿ ಬರುತ್ತಿದ್ದುದು ಹೆಚ್ಚಾಗಿ ಅಕ್ಷರಗಳಲ್ಲಿ: ಕೊಯ್ಲು, ಕುಡಿತ, ಒಳ್ಳೆಯ ಬೆಳೆಯ ಹಾರೈಕೆಯ ಒಂದೆರಡು ಪದ್ಯದ ಸಾಲು, ಮಾಲೀಕನ ಹೆಸರು, ಇಸವಿ. ಕಾಗುಣಿತ ತಪ್ಪಿದ, ಜಾಗ ಸಾಲದೆ ಅಂಚಿನಲ್ಲಿ ಒತ್ತೊತ್ತಾಗಿ ಕುಗ್ಗಿದ ಆ ಅಕ್ಷರಗಳೇ ನನಗೆ ಇಡೀ ಪರಂಪರೆಯಲ್ಲಿ ಅತ್ಯಂತ ಪ್ರಿಯವಾದವು. ಹೆಸರು, ಇಸವಿ ಇದ್ದ ಹೂಜಿಗಳನ್ನು ಮನೆಯವರು ಜೋಪಾನ ಮಾಡಿದರು. ಬರಿ ಮೈಯವು ಹೊಲದಲ್ಲೇ ಒಡೆದು ಹೋಗಿರಬೇಕು. ಕೇಂಬ್ರಿಜ್‌ನ ಗಣಿತಜ್ಞ ಜೆ. ಡಬ್ಲ್ಯು. ಎಲ್. ಗ್ಲೇಷರ್ ಇಂಥ ಹಳ್ಳಿಗಾಡಿನ ಪಾತ್ರೆಗಳಿಗೆ ಬೆಲೆಯಿಲ್ಲದ ಕಾಲದಲ್ಲಿ ಅವನ್ನು ಕಲೆಹಾಕಿದರು. 1928ರಲ್ಲಿ ಅವರು ತೀರಿಕೊಂಡಾಗ ಆ ಸಂಗ್ರಹ ಫಿಟ್ಜ್‌ವಿಲಿಯಂ ಮ್ಯೂಸಿಯಮ್ಮಿಗೆ ಸೇರಿತು. ಅವರು ಅಷ್ಟು ಮಾಡದಿದ್ದರೆ ಈ ಚರಿತ್ರೆಯ ಬಹುಭಾಗ ನಮಗೆ ಸಿಗುತ್ತಿರಲಿಲ್ಲ.

ತಿರುವು ಬಂದದ್ದು ಅಚ್ಚಿನಿಂದ. 1756ರಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್, ಆರು ಗಂಟೆಗಳಲ್ಲಿ 1,200ಕ್ಕೂ ಹೆಚ್ಚು ಹೆಂಚುಬಿಲ್ಲೆಗಳ ಮೇಲೆ ಚಿತ್ರ ಒತ್ತಿದ್ದಾಗಿ ಪ್ರಮಾಣಪತ್ರ ಬರೆದುಕೊಟ್ಟರು. ಕುಂಬಾರಿಕೆಯ ಉದ್ಯಮಿ ಜೊಸಾಯ ವೆಜ್‌ವುಡ್ ತನ್ನ ಕೆನೆಬಣ್ಣದ ಪಾತ್ರೆಗಳನ್ನು ಚಿತ್ರ ಒತ್ತಿಸಲು ಅವರಲ್ಲಿಗೇ ಕಳಿಸತೊಡಗಿದ. ತಾಮ್ರದ ತಗಡಿನಲ್ಲಿ ಒಮ್ಮೆ ಕೊರೆದದ್ದು ತೆಳು ಕಾಗದದ ಮೂಲಕ ನೂರಾರು ಹೂಜಿಗಳ ಮೈಗೆ ಇಳಿಯುತ್ತಿತ್ತು. ಒಬ್ಬ ಗಿರಾಕಿಗೆಂದು ಒಂದು ಹೂಜಿ ಗೀರುವ ಕಾಲ ಹೋಗಿ, ಒಂದು ವರ್ಗಕ್ಕೇ ಒಂದು ಚಿತ್ರ ಮಾರುವ ಕಾಲ ಬಂತು.

ಆ ವರ್ಗವೇ ರೈತ ಯಜಮಾನರು. ಅವರಿಗಾಗಿ ರೂಪುಗೊಂಡದ್ದು ರೈತಲಾಂಛನ: ಗುರಾಣಿಯ ಸುತ್ತಮುತ್ತ ನೇಗಿಲು, ಗೋಧಿಯ ಸಿವುಡು, ಕುಡುಗೋಲು, ಒಕ್ಕುವ ಕೋಲು, ಜೇನುಗೂಡು; ಕೆಲವುಗಳಲ್ಲಿ ಎರಡು ಪಕ್ಕ ರೈತ ಮತ್ತು ಅವನ ಹೆಂಡತಿ; ಕೆಳಗೆ ನೇಗಿಲಿಗೆ ದೇವರ ಹರಸಿಕೆ ಬೇಡುವ ಧ್ಯೇಯವಾಕ್ಯ. ಜಮೀನ್ದಾರರ ಮನೆತನದ ಲಾಂಛನದ ವಿನ್ಯಾಸವನ್ನೇ ದುಡಿಮೆಯ ಸಲಕರಣೆಗಳಿಂದ ತುಂಬಿದ ಈ ಕಲ್ಪನೆಯಲ್ಲಿ ನಿಜವಾದ ಸ್ವಾಭಿಮಾನವಿದೆ. ಜೊತೆಗೆ ದುಡ್ಡೂ ಇತ್ತು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಗೋಧಿಯ ಬೆಲೆ ಏರುತ್ತ ಹೋಗಿ 1812ರಲ್ಲಿ ಕ್ವಾರ್ಟರ್ ಎಂಬ ಧಾನ್ಯದ ಅಳತೆಗೆ ಸರಾಸರಿ 126 ಷಿಲಿಂಗ್ ಮುಟ್ಟಿತ್ತು. ಶಾಂತಿ ಮರಳಿದಾಗ ಬೆಲೆ ಬೀಳದಂತೆ ತಡೆಯಲು 1815ರ ಧಾನ್ಯ ಕಾಯ್ದೆ ಬಂತು. ಸಂಡರ್‌ಲ್ಯಾಂಡಿನ ಕಾರ್ಖಾನೆಗಳು ಚಿನ್ನದ ಲವಣದಿಂದ ಹೊರಡಿಸಿದ ಗುಲಾಬಿ ಹೊಳಪಿನ ಹೂಜಿಗಳ ಮೇಲೆ ಹಡಗು, ಸೇತುವೆಗಳ ಜೊತೆ ರೈತಲಾಂಛನವನ್ನೂ ಅಚ್ಚೊತ್ತಿದವು.

ಆದರೆ ಇದೇ ವರ್ಷಗಳಲ್ಲಿ ಸಾರ್ವಜನಿಕ ಹುಲ್ಲುಗಾವಲುಗಳಿಗೆ ಬೇಲಿ ಬಿದ್ದು ಬಡವರು ಆಧಾರ ಕಳೆದುಕೊಂಡಿದ್ದರು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಗಳು ಒಕ್ಕಣೆ ಯಂತ್ರಗಳನ್ನು ಒಡೆದು ಹಾಕಿದರು. ನಾನು ಕಂಡ ಯಾವ ರೈತಲಾಂಛನದ ಹೂಜಿಯಲ್ಲೂ ಆ ಕೂಲಿಗಳಿಗೆ ಜಾಗವಿಲ್ಲ. ಅವರ ಕೈಯ ಸಲಕರಣೆಗಳಷ್ಟೇ ಅಲ್ಲಿವೆ.

ಮುಂದಿನ ದಾರಿಯನ್ನು ಬೇಗ ಹೇಳಿ ಮುಗಿಸಬಹುದು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಡೌಲ್ಟನ್ ಕಾರ್ಖಾನೆ ಬೇಟೆ, ಗಾಳಿಗಿರಣಿ, ಕುಡುಕರ ಉಬ್ಬುಚಿತ್ರ ಅಂಟಿಸಿದ ಕಂದು ಹೂಜಿಗಳನ್ನು ಹೊರತಂದಿತು. ಅವು ಉಪ್ಪಿನ ಮೆರುಗಿನ ಗಟ್ಟಿ ಕಲ್ಮಣ್ಣಿನವು, ಹಳ್ಳಿಯನ್ನು ಪಟ್ಟಣಿಗರಿಗೆ ಮಾರಿದಂಥವು. ಡೆವನ್ನಿನ ದಕ್ಷಿಣ ಕರಾವಳಿಯ ಟಾರ್ಕಿಯ ಕಾರ್ಖಾನೆಗಳು ಹುಲ್ಲುಮಾಡಿನ ಗುಡಿಸಲು ಬರೆದು ಪ್ರವಾಸಿಗಳಿಗೆ ಕೊಟ್ಟವು.

ಫ್ರೆಮಿಂಗ್ಟನ್ನಿನಲ್ಲಿ ಮಾತ್ರ ಕುಂಬಾರ ಎಡ್ವಿನ್ ಬಿಯರ್ ಫಿಷ್ಲಿ 20ನೇ ಶತಮಾನದ ಮೊದಲ ದಶಕದವರೆಗೂ ಹಳೆಯ ಕ್ರಮ ಉಳಿಸಿಕೊಂಡಿದ್ದರು. ಅವರ ಹೂಜಿಗಳಿದ್ದ ಮನೆಯಲ್ಲಿ ಬೆಳೆದ ಹುಡುಗ ಮೈಕೆಲ್ ಕಾರ್ಡ್ಯೂ, ಫಿಷ್ಲಿಯವರ ಮೊಮ್ಮಗನ ಬಳಿ ತಿಗರಿ ಕಲಿತು, 1926ರಲ್ಲಿ ವಿಂಚ್‌ಕೂಂಬ್‌ನಲ್ಲಿ ಪಾಳುಬಿದ್ದಿದ್ದ ಕುಂಬಾರಶಾಲೆಯೊಂದನ್ನು ಮತ್ತೆ ಆರಂಭಿಸಿದರು. ಜನಸಾಮಾನ್ಯರು ಕೊಳ್ಳಬಲ್ಲ ಬೆಲೆಗೆ ದಿನಬಳಕೆಯ ಪಾತ್ರೆ ಮಾಡಬೇಕೆಂಬುದು ಅವರ ಹಟ. ಸೈಡರ್ ತುಂಬುವ, ನಲ್ಲಿ ಇಡುವ ದೊಡ್ಡ ಜಾಡಿಗಳನ್ನು ಮಾಡಿ, ಹಸಿ ಜೇಡಿಯ ಮೇಲೆ ಬೆರಳಾಡಿಸಿ ಗೆರೆ ಎಳೆದರು. ಗ್ರಾಮಜೀವನದ ದೃಶ್ಯ ಬಿಡಿಸುವ ಅಗತ್ಯ ಅವರಿಗೆ ಕಾಣಲಿಲ್ಲ.