ಕಂಪ್ಯೂಟರ್ ಎಂದರೆ ಯಾರು?

ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದಿದ ರಾಧಾನಾಥ ಸಿಕ್ದಾರ್ 1831ರಲ್ಲಿ, 18ನೇ ವಯಸ್ಸಿಗೆ, ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಕೆಲಸಕ್ಕೆ ಸೇರಿದರು. ಹುದ್ದೆಯ ಹೆಸರು ಕಂಪ್ಯೂಟರ್. ಆಗ ಅದು ಮೇಜಿನ ಮೇಲೆ ಇಡುವ ವಸ್ತುವಲ್ಲ, ಮೇಜಿನ ಮುಂದೆ ಕೂತು ಲೆಕ್ಕ ಹಾಕುವ ಮನುಷ್ಯ.

ಲ್ಯಾಟಿನ್ನಿನಲ್ಲಿ ‘ಕಂಪ್ಯುಟಾರೆ’ ಎಂದರೆ ಎಣಿಸುವುದು, ಲೆಕ್ಕ ಹಾಕುವುದು. ಈಸ್ಟರ್ ಹಬ್ಬ ಯಾವ ಭಾನುವಾರ ಬೀಳುತ್ತದೆಂದು ಚಂದ್ರನ ಗತಿ ನೋಡಿ ಗೊತ್ತುಮಾಡುವ ವಿದ್ಯೆಗೆ ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳು ‘ಕಂಪ್ಯುಟಸ್’ ಎನ್ನುತ್ತಿದ್ದರು. ನಮ್ಮ ಪಂಚಾಂಗ ಗುಣಿಸುವವರ ಕೆಲಸಕ್ಕೆ ತೀರ ಹತ್ತಿರದ ಕೆಲಸ ಅದು. ‘ಕಂಪ್ಯೂಟರ್’ ಎಂಬ ಇಂಗ್ಲಿಷ್ ಪದ 1613ರ ಒಂದು ಪುಸ್ತಕದಲ್ಲಿ ಕಾಣಿಸಿಕೊಂಡಾಗಲೂ ಅದರ ಅರ್ಥ ಕಾಲವನ್ನು ಎಣಿಸುವವನು ಎಂದೇ ಇತ್ತು.

ಮುಂದಿನ ಶತಮಾನದಲ್ಲಿ ಅದು ಸಂಬಳದ ಕಸುಬಾಯಿತು. ಸಮುದ್ರದ ನಡುವೆ ಹಡಗು ಎಲ್ಲಿದೆಯೆಂದು ಚಂದ್ರನನ್ನು ನೋಡಿ ತಿಳಿಯಲು ನಾವಿಕರಿಗೆ ಕೋಷ್ಟಕಗಳು ಬೇಕಿದ್ದವು. ಗ್ರೀನಿಚ್‌ನ ಖಗೋಳಜ್ಞ ನೆವಿಲ್ ಮ್ಯಾಸ್ಕಲೈನ್ 1767ನೇ ಸಾಲಿನಿಂದ ಅಂಥ ‘ನಾಟಿಕಲ್ ಆಲ್ಮನಾಕ್’ ಹೊರತರತೊಡಗಿದ. ಅದರ ಕಂಪ್ಯೂಟರ್‌ಗಳು ಇಂಗ್ಲೆಂಡಿನ ಊರೂರುಗಳಲ್ಲಿ ತಮ್ಮ ಮನೆಗಳಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಒಂದೇ ತಿಂಗಳ ಲೆಕ್ಕವನ್ನು ಇಬ್ಬರು ಬೇರೆಬೇರೆಯಾಗಿ ಮಾಡಬೇಕು, ಮೂರನೆಯವರು ತಾಳೆ ನೋಡಬೇಕು. ಲಡ್ಲೋ ಊರಿನ ಜಾನ್ ಎಡ್ವರ್ಡ್ಸ್ ಹೆಸರಿಗೆ ವರ್ಷಗಳ ಕಾಲ ಈ ಕೆಲಸ ಹೋಗುತ್ತಿತ್ತು. 1784ರಲ್ಲಿ ಅವನು ತೀರಿಕೊಂಡಾಗ ಹೆಂಡತಿ ಮೇರಿ, ಲೆಕ್ಕದ ಬಹುಭಾಗ ತನ್ನದೇ ಎಂದು ತಿಳಿಸಿದಳು. ಮ್ಯಾಸ್ಕಲೈನ್ ಅವಳಿಗೇ ಕೆಲಸ ಮುಂದುವರಿಸಿದ. ಆಮೇಲೆ ಮಗಳು ಎಲೈಜಾ ಕೂಡ ಅದೇ ಕಸುಬಿಗೆ ಬಂದಳು. ಆ ಕಾಲದ ಎಷ್ಟೋ ಹಡಗುಗಳು ದಾರಿ ತಪ್ಪದೆ ಸಾಗಿದ್ದರಲ್ಲಿ ಈ ತಾಯಿ-ಮಗಳ ಪಾಲಿದೆ.

ಸಿಕ್ದಾರ್ ಸೇರಿದ ಸರ್ವೆಗೂ ನಮ್ಮ ನೆಲಕ್ಕೂ ಸಂಬಂಧವಿದೆ. ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಯನ್ನು ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಮೊದಲ ಆಧಾರರೇಖೆ ಎಳೆದದ್ದು ಬೆಂಗಳೂರಿನ ಬಳಿ. ಅಲ್ಲಿಂದ ಬೆಳೆದ ಅಳತೆ ಹಿಮಾಲಯ ಮುಟ್ಟಿತು. ನೂರಾರು ಕಿಲೋಮೀಟರ್ ದೂರದ ಬಯಲಿನಿಂದ ಶಿಖರಗಳ ಕೋನ ಅಳೆದು, ಗಾಳಿಯಲ್ಲಿ ಬೆಳಕು ಬಾಗುವುದಕ್ಕೆ ತಿದ್ದುಪಡಿ ಹಾಕಿ ಎತ್ತರ ಕಂಡುಹಿಡಿಯಬೇಕಿತ್ತು. 15ನೇ ಸಂಖ್ಯೆಯ ಶಿಖರದ ಲೆಕ್ಕ ನಡೆದ ದಿನಗಳಲ್ಲಿ ಸಿಕ್ದಾರ್ ಕಲ್ಕತ್ತೆಯ ಮುಖ್ಯ ಕಂಪ್ಯೂಟರ್. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. ಇಂದಿನ ಅಳತೆಗೂ ಅದಕ್ಕೂ ವ್ಯತ್ಯಾಸ 30 ಅಡಿಯಷ್ಟೇ. ಶಿಖರಕ್ಕೆ ಹೆಸರು ಮಾತ್ರ ಸರ್ವೆಯ ಹಿಂದಿನ ಮುಖ್ಯಸ್ಥ ಎವರೆಸ್ಟ್‌ ಸಾಹೇಬರದು. ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು ಸಂಗತಿ. ಸರ್ವೆಯ ಕೈಪಿಡಿಯ ಮೊದಲ ಮುದ್ರಣ ಸಿಕ್ದಾರರ ನೆರವನ್ನು ನೆನೆದಿತ್ತು; ಅವರು ತೀರಿಕೊಂಡ ಮೇಲೆ, 1875ರ ಮುದ್ರಣದಲ್ಲಿ, ಅವರ ಹೆಸರನ್ನೇ ತೆಗೆದುಹಾಕಲಾಯಿತು.

ಪದ ಮಗ್ಗುಲು ಬದಲಿಸಿದ್ದು 20ನೇ ಶತಮಾನದ ನಡುವಿನಲ್ಲಿ. ಗಣಿತಜ್ಞ ಅಲನ್ ಟ್ಯೂರಿಂಗ್ 1936ರ ಪ್ರಬಂಧದಲ್ಲಿ ಕಂಪ್ಯೂಟರ್ ಎಂದು ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಕಾಗದ ಹಿಡಿದ ಮನುಷ್ಯ. 1950ರ ಹೊತ್ತಿಗೆ ಅವನೇ ‘ಹ್ಯೂಮನ್ ಕಂಪ್ಯೂಟರ್’ ಎಂದು ಬಿಡಿಸಿ ಹೇಳಬೇಕಾಯಿತು. ನಡುವೆ, 1946ರಲ್ಲಿ, ಅಮೆರಿಕದಲ್ಲಿ ಎನಿಯಾಕ್ ಯಂತ್ರದ ಅನಾವರಣವಾಗಿತ್ತು. ಅದಕ್ಕೆ ಲೆಕ್ಕ ಕಲಿಸಿದ ಆರು ಹೆಣ್ಣುಮಕ್ಕಳು ಅಲ್ಲಿಯತನಕ ಫಿರಂಗಿ ಗುಂಡುಗಳ ಹಾದಿಯನ್ನು ಕೈಯಾರೆ ಗುಣಿಸುತ್ತಿದ್ದ ಕಂಪ್ಯೂಟರ್‌ಗಳು. ತಮ್ಮ ಹುದ್ದೆಯ ಹೆಸರನ್ನು ಅವರು ಯಂತ್ರಕ್ಕೆ ಬಿಟ್ಟುಕೊಟ್ಟರು.

ಕನ್ನಡದ ‘ಗಣಕ’ವೂ ಇದೇ ದಾರಿ ಹಿಡಿದಿದೆ. ಸಂಸ್ಕೃತದಿಂದ ಬಂದ ಈ ಪದಕ್ಕೆ ಲೆಕ್ಕಿಗ, ಜ್ಯೋತಿಷಿ ಎಂಬುದು ಹಳೆಯ ಅರ್ಥ. ಇಂದು ಗಣಕ ಎಂದರೆ ಕಣ್ಣ ಮುಂದೆ ಬರುವುದು ಯಂತ್ರವೇ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಜಗತ್ತು ಅವರನ್ನು ‘ಮಾನವ ಕಂಪ್ಯೂಟರ್’ ಎಂದು ಕೊಂಡಾಡಿತು. ಸಿಕ್ದಾರರ ಕಚೇರಿಯಲ್ಲಾಗಿದ್ದರೆ ಆ ಮೊದಲ ಪದದ ಅಗತ್ಯವೇ ಬೀಳುತ್ತಿರಲಿಲ್ಲ.