ಸ್ಕೂಬಾ ಡೈವಿಂಗ್ ಸುರಕ್ಷತೆಯಲ್ಲಿ ಮಾನವ ಅಂಶಗಳು

ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ನೀರಿನಾಳಕ್ಕೆ ಇಳಿಯುವುದು ಸ್ಕೂಬಾ ಡೈವಿಂಗ್. ಇಳಿಯುವವರ ಗಮನ, ಆಯಾಸ, ಭಯ, ರೂಢಿ, ಜೊತೆಗಾರರೊಂದಿಗಿನ ಸಂವಹನ, ಕರೆದೊಯ್ಯುವ ದೋಣಿಯವರ ಶಿಸ್ತು ಇವೆಲ್ಲ ಅವರ ತೀರ್ಮಾನಗಳನ್ನು ರೂಪಿಸುತ್ತವೆ. ಇವನ್ನು ಒಟ್ಟಾಗಿ ಮಾನವ ಅಂಶಗಳು ಎನ್ನುತ್ತಾರೆ. ವಿಮಾನಯಾನದಲ್ಲಿ ಬಹಳ ಹಿಂದೆಯೇ ಬೇರೂರಿದ ಈ ಅಧ್ಯಯನ ಡೈವಿಂಗಿಗೆ ತಡವಾಗಿ ಬಂದಿತು.

ನೀರಿನಡಿಯಲ್ಲಿ ತೀರ್ಮಾನಕ್ಕೆ ಸಿಗುವ ಸಮಯವೂ ಕಡಿಮೆ, ಸಹಾಯ ಮಾಡಬೇಕಾದ ಬುದ್ಧಿಯೂ ಮಂಕು. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರಿನಲ್ಲಿ ಒತ್ತಡ ಮೇಲ್ಮೈಗಿಂತ ನಾಲ್ಕು ಪಟ್ಟು, ಗಾಳಿ ಖರ್ಚಾಗುವ ವೇಗವೂ ನಾಲ್ಕು ಪಟ್ಟು. ಹೆಚ್ಚುಕಡಿಮೆ ಅದೇ ಆಳದಲ್ಲಿ ಒತ್ತಡದಲ್ಲಿ ಉಸಿರಾಡಿದ ಸಾರಜನಕದ ಅಮಲು ಏರತೊಡಗುತ್ತದೆ. ಅಮಲೇರಿದವರಿಗೆ ಅದು ತಿಳಿಯದಿರಬಹುದು; ಎಲ್ಲ ಸರಿಯಿದೆ ಎಂದೇ ಅನ್ನಿಸುತ್ತಿರುತ್ತದೆ. ಗಾಬರಿಬಿದ್ದು ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸಿದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿದು ರಕ್ತಕ್ಕೆ ನುಗ್ಗಬಹುದು.

ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಂಶೋಧಕರು 1992ರಿಂದ 2003ರವರೆಗಿನ 947 ಡೈವಿಂಗ್ ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮುಖ್ಯ ದಾಖಲೆಗಳಲ್ಲಿ ಒಂದು. ದುರಂತಕ್ಕೆ ನಾಂದಿಯಾದ ಘಟನೆ ಗೊತ್ತಾದ ಪ್ರಕರಣಗಳಲ್ಲಿ ಶೇ. 41ರಷ್ಟು ಗಾಳಿ ಸಾಲದೆ ಆದವು, ಶೇ. 20ರಷ್ಟು ಎಲ್ಲೋ ಸಿಕ್ಕಿಹಾಕಿಕೊಂಡು ಆದವು. ಸಲಕರಣೆಯ ತೊಂದರೆಯ ಪಾಲು ಶೇ. 15. ಗಾಳಿ ತೀರುತ್ತಿರುವುದನ್ನು ತೋರಿಸುವ ಮಾಪಕ ಸಾಮಾನ್ಯವಾಗಿ ಡೈವರ್ ಬಳಿಯೇ ಇರುತ್ತದೆ. ಹಾಗಾದರೆ ಅದನ್ನು ಏಕೆ ನೋಡಲಿಲ್ಲ? ‘ಡೈವರ್ ತಪ್ಪು’ ಎಂದು ಷರಾ ಬರೆದು ಕಡತ ಮುಚ್ಚುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅಲ್ಲಿಗೆ ಮುಂದಿನವರು ಕಲಿಯಬೇಕಾದ ಪಾಠವೂ ಮುಚ್ಚಿಹೋಗುತ್ತದೆ.

ಸಿಲಿಂಡರಿನ ಕವಾಟವನ್ನೇ ನೋಡಿ. ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ ತಿರುಗಿಸುವುದು ಹಳೆಯ ರೂಢಿ. ಅವಸರದಲ್ಲಿ ಯಾರೋ ದಿಕ್ಕು ತಪ್ಪಿ ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆಯುತ್ತಾರೆ. ದೋಣಿಯ ಮೇಲೆ ಮಾಪಕ 200 ಬಾರ್ ತೋರಿಸುತ್ತದೆ, ಉಸಿರೂ ಸರಾಗ. ಆಳಕ್ಕೆ ಇಳಿದಾಗ ಬೇಕಾದಷ್ಟು ಗಾಳಿ ಆ ಕಿರುಸಂದಿಯಲ್ಲಿ ಹರಿಯುವುದಿಲ್ಲ. ಉಸಿರೆಳೆದಾಗಲೆಲ್ಲ ಮಾಪಕದ ಮುಳ್ಳು ಕೆಳಗೆ ಬಿದ್ದು ಮತ್ತೆ ಮೇಲೇರುತ್ತದೆ. ನೀರಿಗಿಳಿಯುವ ಮುನ್ನ ಬಾಯಿಗೆ ಗಾಳಿ ಒದಗಿಸುವ ರೆಗ್ಯುಲೇಟರಿನಿಂದ ನಾಲ್ಕಾರು ಬಾರಿ ಜೋರಾಗಿ ಉಸಿರೆಳೆಯುತ್ತ ಮುಳ್ಳನ್ನು ದಿಟ್ಟಿಸಿದ್ದರೆ ಇದು ಅಲ್ಲೇ ಪತ್ತೆಯಾಗುವ ಸಾಧ್ಯತೆ ಹೆಚ್ಚು. ತಿರುಗಿಸಿದ ಕೈ ಒಂದು, ಬೆನ್ನಿಗೇರಿಸಿಕೊಂಡವರು ಇನ್ನೊಬ್ಬರು ಆಗಿದ್ದಾಗ ಇಂಥ ಎಡವಟ್ಟು ನುಸುಳುವುದು ಸುಲಭ.

ದಾಕ್ಷಿಣ್ಯವೂ ಒಂದು ಅಪಾಯ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಮುರುಡೇಶ್ವರ ತಲುಪಿ, ಬೆಳಿಗ್ಗೆ ನೇತ್ರಾಣಿ ದ್ವೀಪಕ್ಕೆ ದೋಣಿ ಹತ್ತುವವರನ್ನು ನೆನೆಯಿರಿ. ನಿದ್ದೆಯಿಲ್ಲ, ಅಲೆಗೆ ಹೊಟ್ಟೆ ತೊಳಸುತ್ತಿದೆ, ಹಣ ಕಟ್ಟಿಯಾಗಿದೆ, ಗೆಳೆಯರೆಲ್ಲ ಸಿದ್ಧರಾಗಿದ್ದಾರೆ. ಆಗ ‘ಇವತ್ತು ನಾನು ಇಳಿಯುವುದಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಯಾವ ಡೈವರ್ ಬೇಕಾದರೂ ಯಾವಾಗ ಬೇಕಾದರೂ ಕಾರಣ ಕೊಡದೆ ಡೈವ್ ನಿಲ್ಲಿಸಬಹುದೆಂಬ ನಿಯಮ ಗುಹೆಗಳಲ್ಲಿ ಮುಳುಗುವವರ ನಡುವೆ ಗಟ್ಟಿಯಾಗಿ ನೆಲೆಯೂರಿದೆ. ಇದನ್ನು ಬೋಧಕರೇ ಬಾಯಿಬಿಟ್ಟು ಹೇಳಿ, ಮೊದಲು ಹಿಂದೆ ಸರಿದವರನ್ನು ಎಲ್ಲರೆದುರು ಗೌರವದಿಂದ ಕಂಡರೆ ಮಾತ್ರ ಹೊಸಬರಿಗೆ ಧೈರ್ಯ ಬರುತ್ತದೆ.

ಅನುಭವಿಗಳ ಅಪಾಯ ಬೇರೆ ಬಗೆಯದು. ಮೀಸಲು ಗಾಳಿಯನ್ನು ಒಮ್ಮೆ ಬಳಸಿಯೂ ಏನೂ ಆಗದಿದ್ದರೆ ಮುಂದಿನ ಬಾರಿ ಅದೇ ಪದ್ಧತಿಯಾಗುತ್ತದೆ. ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ಬಗೆಗಿನ ತಮ್ಮ ಅಧ್ಯಯನದಲ್ಲಿ ಗುರುತಿಸಿದ್ದು ಇದನ್ನೇ: ತಪ್ಪುದಾರಿ ಸಹಜವಾಗುತ್ತ ಹೋಗುವುದು. ಅಮೆರಿಕದ ಗುಹಾ ಡೈವರ್ ಶೆಕ್ ಎಕ್ಸ್‌ಲಿ ಗುಹೆಗಳಲ್ಲಾದ ಸಾವುಗಳನ್ನು ಒಂದೊಂದಾಗಿ ಕೆದಕಿ 1979ರಲ್ಲಿ ಪ್ರಕಟಿಸಿದ ಪುಸ್ತಕ ಈ ಜಾರುವಿಕೆಗೆ ತಡೆಗಂಬ ನೆಟ್ಟಿತು. ಅದರ ನಿಯಮಗಳು ಸರಳ: ಗುಹೆಯೊಳಗಿಂದ ಮೇಲ್ಮೈವರೆಗೆ ದಾರಿ ತೋರುವ, ಕಡಿಯದ ಹಗ್ಗವಿರಬೇಕು. ಗಾಳಿಯ ಮೂರನೆಯ ಒಂದು ಭಾಗ ಒಳಹೋಗಲು, ಇನ್ನೊಂದು ಹೊರಬರಲು, ಉಳಿದದ್ದು ಆಪತ್ತಿಗೆ.

ದೋಣಿಯ ಮೇಲಿನ ಎಣಿಕೆ ತಪ್ಪಿದರೂ ಪ್ರಾಣ ಹೋಗುತ್ತದೆ. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿ ನೀರಿನಲ್ಲಿದ್ದಾಗಲೇ ದೋಣಿ ದಡಕ್ಕೆ ಮರಳಿತು. ಅವರಿಲ್ಲವೆಂದು ಗೊತ್ತಾದದ್ದು ಎರಡು ದಿನಗಳ ಬಳಿಕ, ಅವರ ಸಾಮಾನಿನ ಚೀಲ ದೋಣಿಯಲ್ಲೇ ಉಳಿದದ್ದು ಕಣ್ಣಿಗೆ ಬಿದ್ದಾಗ. ಅವರು ಮತ್ತೆ ಸಿಗಲಿಲ್ಲ. ಆಮೇಲೆ ಕ್ವೀನ್ಸ್‌ಲ್ಯಾಂಡ್ ಸರ್ಕಾರ ತಲೆ ಎಣಿಸುವ ನಿಯಮಗಳನ್ನು ಬಿಗಿಗೊಳಿಸಿತು.

ನೆನಪನ್ನು ನಂಬದೆ ಕಾಗದವನ್ನು ನಂಬುವುದು ಫಲ ಕೊಟ್ಟಿದೆ. ಡೈವಿಗೆ ಮುನ್ನ ಲಿಖಿತ ತಪಾಸಣಾ ಪಟ್ಟಿ ಬಳಸಿದವರನ್ನು ಉಳಿದವರೊಂದಿಗೆ ಹೋಲಿಸಿ, 1,043 ಡೈವರ್‌ಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು: ಪಟ್ಟಿ ಪಡೆದ ಗುಂಪಿನಲ್ಲಿ ದೊಡ್ಡ ಅವಘಡಗಳು ಶೇ. 36ರಷ್ಟು ಕಡಿಮೆಯಾಗಿದ್ದವು. ಸ್ವಲ್ಪದರಲ್ಲಿ ಪಾರಾದ ಘಟನೆಗಳನ್ನು ಹೇಳಿಕೊಳ್ಳುವ ವಿಷಯದಲ್ಲಿ ಮಾತ್ರ ಡೈವಿಂಗ್ ಇನ್ನೂ ಹಿಂದೆ. ಅಮೆರಿಕದ ಪೈಲಟ್‌ಗಳು 1976ರಿಂದ ನಾಸಾ ನಡೆಸುವ ವ್ಯವಸ್ಥೆಗೆ ತಮ್ಮ ತಪ್ಪುಗಳನ್ನು ಗೋಪ್ಯವಾಗಿ ವರದಿ ಮಾಡುತ್ತ ಬಂದಿದ್ದಾರೆ. ಡೈವರ್‌ಗಳ ನಡುವೆ ನಗೆಪಾಟಲಾಗುವ ಅಂಜಿಕೆಯಿಂದ ಇಂಥ ಎಷ್ಟೋ ಘಟನೆಗಳು ದೋಣಿಯಿಂದ ಆಚೆಗೆ ಬರುವುದೇ ಇಲ್ಲ.