ವಿಜ್ಞಾನದ ಟೀಚರು ಎಲ್ಲಿಂದ ಬರುತ್ತಾರೆ?

ನಮ್ಮ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸುವವರಿಗೆ ಹೆಸರಿನ ಜೊತೆಗೆ ಇನ್ನೊಂದು ಗುರುತಿರುತ್ತದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಪಿಸಿಎಂ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಸಿಬಿಝಡ್. 'ಸಿಬಿಝಡ್ ಮೇಡಂ ಇವತ್ತು ರಜ' ಎಂದರೆ ಸಾಕು, ಯಾರೆಂದು ಸ್ಟಾಫ್ ರೂಮಿಗೆಲ್ಲ ತಿಳಿಯುತ್ತದೆ. ಬಿ.ಎ., ಬಿ.ಎಡ್. ಮಾಡಿ ಇತಿಹಾಸ ಹೇಳುವ ನನಗೆ ಈ ಗುರುತುಗಳ ಹಿಂದಿನ ಕಥೆಯಲ್ಲಿ ಮೊದಲಿಂದಲೂ ಆಸಕ್ತಿ.

ಹೆಣ್ಣುಮಕ್ಕಳಿಗೆ ಗೃಹವಿಜ್ಞಾನವೇ ಸಾಕಲ್ಲವೇ ಎಂಬ ಮಾತು ಒಂದು ಕಾಲಕ್ಕೆ ಗಂಭೀರವಾಗಿಯೇ ಚರ್ಚೆಯಾಗಿತ್ತು. ಪಾಠದಲ್ಲಿ ಗಂಡು, ಹೆಣ್ಣು ಎಂಬ ಭೇದ ಬೇಡವೆಂದು 1960ರ ದಶಕದ ಆರಂಭದಲ್ಲಿ ಹಂಸಾ ಮೆಹ್ತಾ ಅವರ ಸಮಿತಿ ಹೇಳಿತು. 1964-66ರ ಕೊಠಾರಿ ಆಯೋಗ ಅದನ್ನೊಪ್ಪಿ, ಮೊದಲ ಹತ್ತು ವರ್ಷದ ಶಾಲೆಯಲ್ಲಿ ವಿಜ್ಞಾನ, ಗಣಿತ ಎಲ್ಲರಿಗೂ ಕಡ್ಡಾಯವಾಗಲಿ ಎಂದಿತು.

ಎಲ್ಲರಿಗೂ ವಿಜ್ಞಾನ ಎಂದ ಮೇಲೆ ಕಲಿಸುವವರೂ ಬೇಕಲ್ಲ! ಬಿ.ಎಸ್ಸಿ. ಮುಗಿಸಿ ಬಿ.ಎಡ್. ಮಾಡುವುದು ಹಳೆಯ ದಾರಿ. 1963ರಲ್ಲಿ ಮೈಸೂರು, ಅಜ್ಮೀರ್, ಭೋಪಾಲ್, ಭುವನೇಶ್ವರಗಳಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ತೆರೆದ ಮೇಲೆ ಇನ್ನೊಂದು ದಾರಿ ಹುಟ್ಟಿತು. ಅಲ್ಲಿ ಪದವಿ, ತರಬೇತಿ ಎರಡೂ ಒಟ್ಟಿಗೆ, ನಾಲ್ಕು ವರ್ಷ.

ನಮ್ಮ ಕಾಲಕ್ಕೆ ಹಳೆಯ ದಾರಿಗೂ ನಾಲ್ಕೇ ವರ್ಷ ಹಿಡಿಯುತ್ತಿತ್ತು. 2015ರಿಂದ ಬಿ.ಎಡ್. ಎರಡು ವರ್ಷವಾಗಿ, ಒಟ್ಟು ಐದಾಯಿತು. ಮದುವೆಯ ಮಾತು ಶುರುವಾದ ಮನೆಯಲ್ಲಿ ಹುಡುಗಿಗೆ ಒಂದು ವರ್ಷವೆಂದರೆ ಎಷ್ಟೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. 2020ರ ಶಿಕ್ಷಣ ನೀತಿ ಮತ್ತೆ ನಾಲ್ಕು ವರ್ಷದ ಸಂಯುಕ್ತ ಪದವಿಯ ಕಡೆಗೇ ಒಲಿದಿದೆ. 2023ರಿಂದ ಆಯ್ದ ಸಂಸ್ಥೆಗಳಲ್ಲಿ ಅದು ಶುರುವಾಗಿದೆ.

ಆದರೆ ಯಾವ ದಾರಿ ಹಿಡಿದರೂ ಅದರ ಬಾಗಿಲಿರುವುದು ಎಸ್ಸೆಸ್ಸೆಲ್ಸಿ ಮುಗಿದ ಮರುದಿನವೇ. ಪಿಯುಸಿಯಲ್ಲಿ ವಿಜ್ಞಾನ ಓದಿದವಳು ಮುಂದೆ ಬಿ.ಎ.ಗೂ ಹೋಗಬಹುದು, ಕಲಾ ವಿಭಾಗ ಸೇರಿದವಳಿಗೆ ಪಿಸಿಎಂ, ಸಿಬಿಝಡ್ ಎರಡರ ಬಾಗಿಲೂ ಮುಚ್ಚಿದಂತೆ. ನಮ್ಮೂರ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಗ ಇದ್ದದ್ದು ಕಲಾ ವಿಭಾಗ ಮಾತ್ರ. ವಿಜ್ಞಾನಕ್ಕೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಅಪ್ಪ ಬೇಡವೆನ್ನಲಿಲ್ಲ, ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೊರಟುಹೋಗಿರುತ್ತಿತ್ತು, ಅಷ್ಟೆ. ನಮ್ಮ ತರಗತಿಯಲ್ಲಿ ಲೆಕ್ಕದಲ್ಲಿ ಮುಂದಿದ್ದ ಹುಡುಗಿಯರೆಲ್ಲ ನನ್ನ ಜೊತೆಗೇ ಇತಿಹಾಸ, ಅರ್ಥಶಾಸ್ತ್ರ ಓದಿದೆವು. ನನ್ನ ಪಾಠದ ಮೇಲೆ ನನಗೆ ಪ್ರೀತಿಯಿದೆ. ಆದರೂ ಆ ಗುಂಪಿನಿಂದ ಒಬ್ಬಳಾದರೂ ಸಿಬಿಝಡ್ ಮೇಡಂ ಆಗಿದ್ದರೆ, ಅವಳನ್ನು ನೋಡಿ ಹತ್ತು ಹುಡುಗಿಯರು ಪ್ರಯೋಗಶಾಲೆಗೆ ಹೊರಡುತ್ತಿದ್ದರು ಎಂದು ಅನಿಸುತ್ತಲೇ ಇರುತ್ತದೆ.

ಆದ್ದರಿಂದ, ಫಲಿತಾಂಶ ಬಂದ ವಾರ ಮಗಳ ಓದಿನ ಮಾತೆತ್ತುವಾಗ ಅಂಕಪಟ್ಟಿಯನ್ನಷ್ಟೇ ನೋಡಬೇಡಿ. ಸಂಜೆಯ ಬಸ್ಸು ಎಷ್ಟು ಹೊತ್ತಿಗೆ, ಹಾಸ್ಟೆಲಿನಲ್ಲಿ ಜಾಗವಿದೆಯೇ ಎಂದು ಮೊದಲು ವಿಚಾರಿಸಿ.